ಜೀಪಿಗೆ ಹೊಲಿದ ಬಂಪರ್

ಶ್ರೇಯಾ, ಪಾರ್ಶ್ವ,

ನಿಮ್ಮ ಅಜಿತ ಮಾಮಾ ಫೋನಿನಲ್ಲಿ ಏನೇನು ಹೇಳಿ ನಿಮ್ಮನ್ನು ನಗಿಸಿದ್ದಾನೋ ನನಗೆ ಗೊತ್ತಿಲ್ಲ. ಅಜ್ಜಿ ಬಂಪರ್ ಕೆಡಿಸಿದಳು ಎಂದಿದ್ದರೆ ಅದು ಪೂರ್ತಿ ನಿಜವಲ್ಲ. ನಾನು ಕಬ್ಬಿಣವನ್ನು ಮುಟ್ಟಿಯೇ ಇಲ್ಲ. ರಟ್ಟನ್ನು ಮಾತ್ರ ಮುಟ್ಟಿದೆ. ಅದೂ ಬಹಳ ಚೆನ್ನಾಗಿ ಮುಟ್ಟಿದೆ! ಧಾರವಾಡದಲ್ಲಿ ಕುಳಿತ ನಿಮಗೆ ತಪ್ಪು ತಿಳಿವಳಿಕೆ ಆಗಬಾರದೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಜ್ಜನ ಜೀಪು ನಿಮಗೆ ಗೊತ್ತು. ಸಾಂಗಲಿಯ ವಿಶ್ರಾಮಬಾಗದ ನಮ್ಮ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿರುತ್ತದಲ್ಲ, ಅದೇ. ಒಂದು ಕಾಲದಲ್ಲಿ ಹರಿಪುರದ ಹೊಲದಿಂದ ಸಾಂಗಲಿಯ ಪೇಟೆಗೆ ಅರಿಷಿಣದ ಚೀಲ ಹೊರುತ್ತಿತ್ತು. ಆಗ ಹರಿಪುರದ ಮನೆ ತುಂಬ ಜನ. ಅಜ್ಜನಿಗೂ ನನಗೂ ಮಾತಾಡಲು ಸಿಗುತ್ತಿದ್ದ ಜಾಗ ಆ ಜೀಪು ಒಂದೇ. ಇಂಜಿನ್ನಿನ ಸದ್ದಿನಲ್ಲಿ ನಮ್ಮ ಮಾತು ಅತ್ತೆಗೂ ಕೇಳುತ್ತಿರಲಿಲ್ಲ, ಮಾವನಿಗೂ ಕೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಕೇಳುತ್ತಿರಲಿಲ್ಲ! ಆದರೂ ಪೇಟೆ ಬರುವವರೆಗೆ ಮಾತಾಡುತ್ತಲೇ ಇರುತ್ತಿದ್ದೆವು.

ಅಜ್ಜ ಹೋದ ಮೇಲೆ ಜೀಪು ನಿಂತಿತು. ಈಗ ನಿಮ್ಮ ಮಾಮಾ ಹೊಸ ಕಾರು ಕೊಳ್ಳುವ ಮಾತು ತೆಗೆದ. ಕಾರಿಗೆ ಜಾಗ ಬೇಕು.

"ಅವ್ವಾ, ಇದು ಗಾಡಿ ಅಲ್ಲ, ಇಲಿಗಳ ವಾಡೆ ಆಗೇತಿ," ಎಂದ. "ಮಿರಜದ ಗುಜರಿಯವಗ ಹೇಳಿಬಿಡತೇನಿ."

ಸುಜಾತಾ ಮಾಮಿ ತಕ್ಷಣ ಎದ್ದು ನಿಂತಳು. ಅವಳ ಅಪ್ಪ ಕಬ್ಬಿನ ಟ್ರಾಲಿ ಮಾಡುವವರು. ಅವಳು ಆಡಿ ಬೆಳೆದದ್ದೇ ವೆಲ್ಡಿಂಗಿನ ಕಿಡಿಗಳ ನಡುವೆ. ಈಗ ಮಿರಜದಲ್ಲಿ ಹುಡುಗರಿಗೆ ಅದೇ ಕೆಲಸ ಕಲಿಸುತ್ತಾಳೆ. ರಜೆ ಸಿಕ್ಕಾಗಲೆಲ್ಲ ಜೀಪಿನ ಕೆಳಗೆ ಮಲಗಿ ಇಂಜಿನ್ನಿಗೆ ಜೀವ ಕೊಟ್ಟವಳು ಅವಳೇ.

"ಇಂಜಿನ್ ಚಾಲೂ ಆಗೇತ್ರಿ. ಬಂಪರ್ ಒಂದ ಉಳದೈತಿ. ಅಂಗಡ್ಯಾಗ ಸಿಗಾಂಗಿಲ್ಲ, ಮನ್ಯಾಗ ಮಾಡತೇನಿ."

"ಆತು. ರವಿವಾರ ಹರಿಪುರದ ಸಂಗಮಕ್ಕ ಹೋಗಿ ತಿರುಗಿ ಬರಲಿ. ಬಂದ್ರ ಇರಲಿ. ಬರಲಿಲ್ಲ ಅಂದ್ರ ಅವತ್ತ ಗುಜರಿಯವನ ಟೆಂಪೋ ಬರತೈತಿ," ಎಂದು ಮಾಮಾ ತೀರ್ಪು ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ. "ಅವ್ವಾ, ನಿನಗೇನ ಅನಸತೈತಿ?"

ನನಗೆ ಅನಿಸಿದ್ದು ಒಂದೇ. ಜೀಪು ಹೋಗಬಾರದು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹತ್ತು ಜನರ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಬಾಳಿದ ಹೆಂಗಸು ನಾನು. ಗಂಡನ ಜೀಪು ಬೇಕು ಎಂದು ಮಗನ ಮುಂದೆ ಹೇಳುವುದೆಂದರೆ ಮೈಯೆಲ್ಲ ನಾಚಿಕೆ.

"ನನಗೇನ ತಿಳಿತೈತಪಾ. ನೀವ ನೋಡ್ರಿ," ಎಂದು ಅಡಿಗೆಮನೆಗೆ ಹೋದೆ. ಅಂದು ಚಪಾತಿಗಳೆಲ್ಲ ಕರಕಲಾದವು.

ಬಾಯಿಂದ ಆಗದ್ದನ್ನು ಕೈಯಿಂದ ಮಾಡೋಣ ಎಂದುಕೊಂಡೆ. ಸುಜಾತಾ ಕೆಲಸದ ಕ್ರಮ ಹೇಳಿದಳು. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಜೀಪಿಗೆ ಹಿಡಿದು ನೋಡಬೇಕು. ಸರಿ ಬಂದರೆ ಆ ರಟ್ಟನ್ನೇ ಕಬ್ಬಿಣದ ತಗಡಿನ ಮೇಲಿಟ್ಟು, ಗೆರೆ ಎಳೆದು ಕತ್ತರಿಸಿ, ತುಂಡುಗಳನ್ನು ವೆಲ್ಡಿಂಗ್ ಮಾಡಿ ಕೂಡಿಸಬೇಕು. ನಡುವೆ ಒಂದು ಉದ್ದ ಪಟ್ಟಿ, ಎರಡೂ ಕಡೆ ಟೈರಿನತ್ತ ಬಾಗುವ ಕೆನ್ನೆ. ನನಗೆ ಒಮ್ಮೆಲೇ ಧೈರ್ಯ ಬಂತು. ಇದು ಜಂಪರಿನ ಕೆಲಸ! ಮೈಗೆ ಒಂದು ಭಾಗ, ತೋಳು ಎರಡು. ಈ ಓಣಿಯ ಅರ್ಧ ಹೆಂಗಸರಿಗೆ ಜಂಪರ್ ಹೊಲಿದುಕೊಟ್ಟವಳು ನಾನು. ಒಂದಾದರೂ ತಿರುಗಿ ಬಂದದ್ದುಂಟೇ?

"ರಟ್ಟಿಂದು ನಾ ಮಾಡತೇನಿ, ನೀ ಕೆಲಸಕ್ಕ ಹೋಗು," ಎಂದೆ.

"ಖರೇನ ಅತ್ತಿ? ನಿಮ್ಮಷ್ಟು ಚಲೋ ಕತ್ತರಿ ಹಿಡಿಯಾವ್ರು ಸಾಂಗಲಿಯೊಳಗ ಯಾರದಾರ್ರಿ!" ಎಂದು ಅವಳು ಹೋದಳು.

ಫ್ರಿಜ್ಜಿನ ದೊಡ್ಡ ಡಬ್ಬಿ ಬಿಚ್ಚಿದೆ. ಟೇಪು ಕೊರಳಿಗೆ ಹಾಕಿಕೊಂಡು ಜೀಪಿನ ಮುಂದೆ ನಿಂತೆ. ಎದುರುಮನೆಯ ಶಾಲಿನಿಬಾಯಿ ತಮ್ಮ ಗೇಟಿನ ಮೇಲೆ ಕೈಯೂರಿ ನೋಡುತ್ತಿದ್ದರು. ಅವರು ಮರಾಠಿಯವರು, ನನ್ನ ಸಲುವಾಗಿ ಕನ್ನಡ ಮಾತಾಡುತ್ತಾರೆ.

"ಅಹೋ ವಹಿನಿ, ಜೀಪಿಗೆ ಜಂಪರ್ ಹೊಲಿತೀರಿ ಕಾಯ?"

"ಹೂಂ ರೀ. ಮುಂದಿನ ವಾರ ನಿಮ್ಮ ಸ್ಕೂಟರಿಗೂ ಒಂದು ಹೊಲಿದು ಕೊಡತೇನಿ," ಎಂದೆ. ನನ್ನ ಬಾಯಿಂದ ಹಾಸ್ಯ ಬಂತೆಂದರೆ ಅಂದಿನ ನನ್ನ ಧೈರ್ಯ ಎಷ್ಟಿತ್ತು ನೋಡಿ!

ಅಳತೆಯನ್ನು ಪದ್ಧತಿ ಪ್ರಕಾರ ತೆಗೆದೆ. ಅರ್ಧ ಮೈಯ ಅಳತೆ ತೆಗೆದು, ರಟ್ಟು ಮಡಚಿ, ಎರಡೂ ಮಗ್ಗಲು ಒಂದೇ ಸಲ ಕತ್ತರಿಸಿದೆ. ಪ್ರತಿ ತುಂಡಿನ ಸುತ್ತ ಹೊಲಿಗೆಗೆಂದು ಒಂದು ಬೆರಳು ಬಿಟ್ಟೆ. ಕೆನ್ನೆಗಳಲ್ಲಿ ಇನ್ನೊಂದಿಷ್ಟು ಹೆಚ್ಚು ಬಿಟ್ಟೆ. ಬಿಟ್ಟದ್ದನ್ನೆಲ್ಲ ಒಳಗೆ ಮಡಚಿ, ಪಿನ್ನು ಚುಚ್ಚಿ, ಜೀಪಿಗೆ ಹಿಡಿದು ನೋಡಿದೆ. ಆಹಾ! ಮೈಗೆ ಅಂಟಿದ ಹಾಗೆ ಕುಳಿತಿತು. ಆಮೇಲೆ ಪಿನ್ನು ಬಿಚ್ಚಿ, ರಟ್ಟು ನೆಟ್ಟಗೆ ಮಾಡಿ, ಒಪ್ಪವಾಗಿ ಸುಜಾತಾಳ ಕೈಗೆ ಕೊಟ್ಟೆ.

"ಹಿಡದ ನೋಡಿದ್ರೇನ್ರಿ ಅತ್ತಿ?"

"ನೋಡೇನಿ. ಅಗದೀ ಬರೋಬರಿ ಕೂಡ್ರತೈತಿ."

ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ.

ಶನಿವಾರ ಅಂಗಳದಲ್ಲಿ ನಾನು ಕಂಡದ್ದನ್ನು ಹೇಗೆ ಬರೆಯಲಿ ಮಕ್ಕಳೇ! ನಾನು ಕಬ್ಬಿಣವೆಂದರೆ ಬಾಣಲೆ, ಕುಡಗೋಲು ಅಷ್ಟೇ ಎಂದುಕೊಂಡವಳು. ಸುಜಾತಾ ಗ್ರೈಂಡರ್ ಹಚ್ಚಿದಳು. ಬೆರಳಿಗೆ ಬಗ್ಗದ ತಗಡು ರಟ್ಟಿನ ಗೆರೆಯ ಮೇಲೆ ಒಪ್ಪಿಕೊಂಡು ಸೀಳುತ್ತ ಹೋಯಿತು. ಕಿಡಿಗಳು ತುಳಸಿಕಟ್ಟೆಯವರೆಗೆ ಹಾರಿದವು. ಆಮೇಲೆ ಅವಳು ಕಪ್ಪು ಗಾಜಿನ ಮುಖವಾಡ ಹಾಕಿಕೊಂಡು, ನನಗೂ ಒಂದು ಕೊಟ್ಟಳು.

"ನೋಡ್ರಿ ಅತ್ತಿ. ಬರೀಗಣ್ಣಲೆ ಮಾತ್ರ ನೋಡಬ್ಯಾಡ್ರಿ."

ಗಾಜಿನೊಳಗೆ ಮೊದಲು ಏನೂ ಇರಲಿಲ್ಲ. ಅಂಗಳ, ಮನೆ, ಹಗಲು, ಎಲ್ಲ ಮಾಯ. ನಂತರ ಒಂದು ಚಿಕ್ಕ ನಕ್ಷತ್ರ ಹುಟ್ಟಿತು. ಅದರ ಕೆಳಗೆ ಕಬ್ಬಿಣ ಆಲೆಮನೆಯ ಬೆಲ್ಲದ ಪಾಕದಂತೆ ಕುದಿಯಿತು, ಹರಿಯಿತು, ಎರಡು ತುಂಡುಗಳ ನಡುವಿನ ಸಂದಿಯನ್ನು ತುಂಬಿ ಮತ್ತೆ ಗಟ್ಟಿಯಾಯಿತು. ಎರಡಾಗಿದ್ದದ್ದು ಒಂದಾಯಿತು! ಸೂಜಿ ಇಲ್ಲ, ದಾರ ಇಲ್ಲ. ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು. ಬಸದಿಯಲ್ಲಿ ನಿಂತಂತೆ ನಿಂತುಬಿಟ್ಟೆ. ನಮ್ಮ ಮನೆಯಲ್ಲಿ ದಿನಾ ನನಗೆ ಚಹಾ ಮಾಡಿಕೊಡುವ ಹುಡುಗಿಯ ಕೈಯಲ್ಲಿ ಇಂಥದ್ದು ಇದೆಯೆಂದು ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಸೂಜಿ ಇಲ್ಲ, ದಾರ ಇಲ್ಲ. ಆಗಲೇ ನನಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ.

ಸಂಜೆ ಬಂಪರ್ ಜೀಪಿಗೆ ಕುಳಿತಿತು. ಮಾಮಾ, ಮಾಮಿ, ನಾನು ಸಾಲಾಗಿ ನಿಂತು ನೋಡಿದೆವು. ಬಂಪರಿನ ಕೆನ್ನೆಗಳು ಮಡ್ಗಾರ್ಡು ದಾಟಿ ಎರಡೂ ಕಡೆ ಕೈ ಚಾಚಿದ್ದವು. ಒಂದು ಕೆನ್ನೆ ಟೈರಿನ ಹತ್ತಿರ ಹೋಗಿ ಗುಟ್ಟು ಹೇಳುವಂತೆ ನಿಂತಿತ್ತು.

"ಅತ್ತಿ, ಎಲ್ಲಾ ಕಡೆ ಇಷ್ಟ್ಯಾಕ ಹೆಚ್ಚ ಬಂತ್ರಿ?"

"ಹೊಲಿಗಿಗೆ ಬಿಟ್ಟೇನಲ್ಲವ."

ಸುಜಾತಾ ಟೈರಿನ ಹತ್ತಿರದ ಕೆನ್ನೆಯ ಮೇಲೆ ಕೈ ಇಟ್ಟಳು.

"ಮತ್ತ ಈ ಕೆನ್ನಿಗೆ ಇಷ್ಟುದ್ದ?"

"ಅದು... ಮುಂದ ದಪ್ಪ ಆದ್ರ ಬಿಚ್ಚಿ ಸಡ್ಲ ಮಾಡಾಕ."

"ಯಾರು ದಪ್ಪ ಆಗಾವ್ರು?" ಎಂದು ಮಾಮಾ ಕೇಳಿದ.

ನಾನು ನೆಲ ನೋಡುತ್ತ, "ಜೀಪು," ಎಂದೆ.

ಇನ್ನೂ ಒಂದು ಬಾಕಿ ಇತ್ತು. ಹಿಂದೊಮ್ಮೆ ಕಬ್ಬಿನ ಗಾಡಿಗೆ ತಾಗಿ ಜೀಪಿನ ಬಲಗಡೆ ಒಳಗೆ ಹೋಗಿತ್ತು. ನಾನು ಎಡಗಡೆ ಅಳೆದು ಮಡಚಿ ಕತ್ತರಿಸಿದ್ದೆ. ರಟ್ಟು ಅಲ್ಲಿ ಬಗ್ಗಿ ಹೊಂದಿಕೊಂಡಿತ್ತು, ಕಬ್ಬಿಣ ಬಗ್ಗಲಿಲ್ಲ. ಹೀಗಾಗಿ ಬಂಪರ್ ನೆಟ್ಟಗೆ ಬಂದಿತ್ತು. ಜೀಪೇ ವಾರೆಯಾಗಿ ಕಾಣುತ್ತಿತ್ತು!

ಮಾಮಾ ಗೋಡೆಗೆ ಮುಖ ಮಾಡಿ ಭುಜ ಅಲುಗಿಸುತ್ತಿದ್ದ. ಸುಜಾತಾ ಮಾತ್ರ ನಗಲಿಲ್ಲ. "ಹೆಚ್ಚಾದ್ರ ಕತ್ತರಿಸಬಹುದ್ರಿ, ಕಮ್ಮಿ ಆಗಿದ್ರ ತ್ರಾಸ ಆಗತಿತ್ತು," ಎಂದು ಗ್ರೈಂಡರ್ ಎತ್ತಿಕೊಂಡಳು. ಅಷ್ಟರಲ್ಲಿ ನಾನು ಆಕಾಶ ನೋಡಿದೆ. ಹೊತ್ತು ಮುಳುಗುವುದರಲ್ಲಿತ್ತು. ನಮ್ಮ ಜೈನರಲ್ಲಿ ದೀಪ ಹಚ್ಚಿದ ಮೇಲೆ ಊಟವಿಲ್ಲ, ನಿಮಗೇ ಗೊತ್ತು.

"ಮೊದಲ ಊಟ. ಕಬ್ಬಣ ಎಲ್ಲಿಗೂ ಓಡಿ ಹೋಗಾಂಗಿಲ್ಲ," ಎಂದು ಅವಳ ಕೈಯಿಂದ ಗ್ರೈಂಡರ್ ಇಳಿಸಿದೆ. ಧರ್ಮದ ಮಾತು, ಅವಳು ಎದುರಾಡಲಿಲ್ಲ. ಊಟ ಮುಗಿಸಿ ಬಂದರೆ ಶಾಲಿನಿಬಾಯಿಯ ಮೊಮ್ಮಗಳು ಪರೀಕ್ಷೆಗೆ ಓದಲು ಕುಳಿತಿದ್ದಳು, ಸದ್ದು ಮಾಡುವ ಹಾಗಿರಲಿಲ್ಲ. ರವಿವಾರ ಮುಂಜಾನೆ ಎದ್ದು ಕತ್ತರಿಸೋಣ ಎಂದರೆ, ಕರೆಂಟು ಹೋಯಿತು!

ಗ್ರೈಂಡರ್ ಬಾಯಿ ಮುಚ್ಚಿತು. ಮಿರಜದಿಂದ ಟೆಂಪೋ ಬಂದು ಓಣಿಯ ಬಾಯಲ್ಲಿ ನಿಂತಿತು. ಗುಜರಿಯವನು ಇಳಿದು, ಮಾಮಾನಿಗೆ ನಮಸ್ಕಾರ ಮಾಡಿ, ಜೀಪನ್ನು ತಲೆಯಿಂದ ಬಾಲದವರೆಗೆ ನೋಡಿದ.

"ನಾ ಹಂಗ ಒಯ್ತೇನಿ," ಎಂದು ಸುಜಾತಾ ಕಾಯಿ ಒಡೆದು ಜೀಪು ಹತ್ತಿದಳು. ಇಂಜಿನ್ನು ಶುರುವಾಯಿತು. ಅದೇ ಸದ್ದು! ನಮ್ಮ ಗೇಟಿನಿಂದ ಜೀಪು ಎರಡೂ ಕಂಬಗಳ ಸುಣ್ಣ ಒರೆಸಿಕೊಂಡು ಹೊರಗೆ ಬಂತು. ಈಗ ಎಡಕ್ಕೆ ಹೊರಳಬೇಕು. ಸುಜಾತಾ ಸ್ಟಿಯರಿಂಗ್ ತಿರುವಿದಳು. ಟೈರು ನಾನು ಬಿಟ್ಟ ಹೊಲಿಗೆಗೆ ತಾಗಿ, ಕುಂಯ್ ಎಂದು ನಿಂತಿತು. ಜೀಪಿಗೆ ಈಗ ಗೊತ್ತಿದ್ದದ್ದು ಒಂದೇ ದಾರಿ. ನೇರ. ನೇರಕ್ಕೆ ಇದ್ದದ್ದು ಶಾಲಿನಿಬಾಯಿಯ ಗೇಟು!

ಮೆಲ್ಲಗೆ ಹೋಗುತ್ತಿತ್ತು, ಬ್ರೇಕೂ ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಬಂಪರಿನ ಕೆನ್ನೆ ಗೇಟಿನ ಸರಳುಗಳ ಒಳಗೆ ಹೊಕ್ಕುಬಿಟ್ಟಿತ್ತು. ಸುಜಾತಾ ಹಿಂದಕ್ಕೆ ತೆಗೆದುಕೊಂಡಳು. ಜೀಪು ಹಿಂದೆ ಬಂತು. ಗೇಟೂ ಬಂತು.

"ಅಗಬಾಯಿ! ಮಾಝಂ ಗೇಟ!" ಎಂದು ಶಾಲಿನಿಬಾಯಿ ತಮ್ಮ ಗೇಟಿಗಾಗಿ ಮರಾಠಿಯಲ್ಲೇ ಕೂಗಿದರು.

ಜೀಪು ಕೊರಳಲ್ಲಿ ಗೇಟು ಹಾಕಿಕೊಂಡು ಮದುಮಗನಂತೆ ನಡುರಸ್ತೆಯಲ್ಲಿ ನಿಂತಿತು. ಓಣಿಯ ಜನವೆಲ್ಲ ಹೊರಗೆ ಬಂದರು. ಗುಜರಿಯವನು ಹತ್ತಿರ ಬಂದು, ತಲೆ ಕೆರೆದು, ಬಹಳ ಮರ್ಯಾದೆಯಿಂದ ಕೇಳಿದ: "ಸಾಹೇಬ್ರ, ಎರಡೂ ಒಯ್ಯೂದೇನ್ರಿ?"

ಮಾಮಾ ಬಾಯಿ ತೆರೆಯುವುದರೊಳಗೆ ಒಂದು ದನಿ ಬಂತು.

"ಜೀಪ ಕೊಡಾಂಗಿಲ್ಲ! ಅದು ನನ್ನ ಗಂಡಂದು. ನನಗ ಬೇಕು!"

ಯಾರ ದನಿ ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ದೊಡ್ಡ ದನಿ ನನ್ನಲ್ಲಿ ಎಲ್ಲಿ ಇತ್ತೋ, ಮಕ್ಕಳೇ! ಶಾಲಿನಿಬಾಯಿ ಗೇಟನ್ನೇ ಮರೆತರು. ನಾನು ಸೆರಗು ಬಾಯಿಗೆ ಹಿಡಿದು ಜೀಪಿನ ಹಿಂದೆ ಅಡಗಲು ಹೋದೆ. ಆ ಕಡೆಯೂ ಜನ ಇದ್ದರು.

ಮಾಮಾ ನನ್ನ ಹತ್ತಿರ ಬಂದ. ಬಯ್ಯುತ್ತಾನೆ ಎಂದುಕೊಂಡೆ. ಅವನ ಕಣ್ಣು ತೇವವಾಗಿತ್ತು, ತುಟಿ ನಗು ತಡೆಯುತ್ತಿತ್ತು.

"ಅವ್ವಾ, ಇಷ್ಟ ಮೊದಲ ಹೇಳಿದ್ರ, ಬಂಪರ್ ಯಾಕ ಬೇಕಾಗಿತ್ತು?"

ನಾನು ಸೆರಗಿನಿಂದ ಬಂಪರಿನ ಧೂಳು ಒರೆಸತೊಡಗಿದೆ.

ಟೆಂಪೋ ಖಾಲಿ ಹೋಯಿತು. ಕರೆಂಟು ಬಂದ ಮೇಲೆ ಸುಜಾತಾ ಮೊದಲು ಶಾಲಿನಿಬಾಯಿಯ ಗೇಟು ಕೂಡಿಸಿದಳು, ಆಮೇಲೆ ಬಂಪರಿನ ಹೆಚ್ಚಿನದನ್ನೆಲ್ಲ ಕತ್ತರಿಸಿದಳು. ಗೇಟು ಕಿತ್ತು ಬಂದರೂ ಬಂಪರಿನಲ್ಲಿ ಅವಳು ಬೆಸೆದ ಒಂದು ಸಂದಿಯೂ ಬಿಚ್ಚಿರಲಿಲ್ಲ. ನಾನು ಆ ಬೆಸುಗೆಯ ಗೆರೆಯ ಮೇಲೆ ಬೆರಳಾಡಿಸಿ ನೋಡಿದೆ. ಎಲ್ಲಿಂದ ಎಲ್ಲಿಗೆ ಕೂಡಿದೆ ಎಂದು ತಿಳಿಯಲೇ ಇಲ್ಲ.

ಮಾಮಾನ ಹೊಸ ಕಾರು ಈಗ ರಸ್ತೆಯಲ್ಲಿ ನಿಲ್ಲುತ್ತದೆ. ಜೀಪು ಅಂಗಳದಲ್ಲಿ. ನಾನು ಅಂದು ಕಿರುಚಿದ ಮಾತು ಮಾತ್ರ ಇನ್ನೂ ಓಣಿಯಲ್ಲಿ ಓಡಾಡುತ್ತಿದೆ. ಶಾಲಿನಿಬಾಯಿ ಭಾಜಿ-ತರಕಾರಿಯವನೊಡನೆ ಚೌಕಾಸಿ ಮಾಡುವಾಗಲೂ "ಕೊಡಾಂಗಿಲ್ಲ, ನನಗ ಬೇಕು!" ಎಂದು ನನ್ನ ದನಿಯಲ್ಲೇ ಕೂಗುತ್ತಾರೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಜ್ಜನ ಬಗ್ಗೆ ನಿಮಗೆ ಹೇಳಬೇಕಾದದ್ದು ಇನ್ನೂ ಬಹಳ ಇದೆ, ಆದರೆ ಬಾಯಿಂದ ಹೇಳಲು ನನಗೆ ಇನ್ನೂ ನಾಚಿಕೆ. ಪ್ರತಿ ಮಾತಿಗೂ ಒಂದೊಂದು ಗೇಟು ಕೀಳುತ್ತ ಹೋದರೆ, ನಮ್ಮ ಓಣಿಯಲ್ಲಿ ಅಷ್ಟು ಗೇಟುಗಳಿಲ್ಲ.