ಬಲಗಡೆ ಎಂದು ಕೂಗಿದವಳು ನಾನೇ

ಈಸ್ಟ್ ಹ್ಯಾಮಿನ ಕಾಲೇಜು ತಂಡದ ಗೋಲ್‌ಕೀಪರ್ ಕುಮಾರಿ ತನ್ಮಯಿಯವರಿಗೆ, ಅವರ ಎರಡೂ ಕೈಗವಸುಗಳಿಗೆ,

ಮಾನ್ಯರೇ,

ಲಂಡನ್ನಿನ ಈ ತುದಿಯ ಹ್ಯಾರೋದಿಂದ ಶೀತಲ್ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮವಾಗಿ ಸೋತಿದ್ದೇವೆ; ಅಲ್ಲಿ ತಾವೂ ತಮ್ಮ ಮನೆಯವರೂ ಕ್ಷೇಮವಾಗಿ ಗೆದ್ದಿರುವಿರೆಂದು ಬಲ್ಲೆ.

ಒಂದು ಮಾತನ್ನು ಬರೆಯದೆ ಬಿಡುವವಳಿದ್ದೆ. ಈ ಪತ್ರವನ್ನು ಎರಡು ಸಲ ಬರೆದು ಹರಿದೆ, ಎರಡರಲ್ಲೂ ಆ ಮಾತು ಇರಲಿಲ್ಲ. ಫೆಬ್ರವರಿ ಹನ್ನೊಂದರ ಬುಧವಾರ ತಮ್ಮ ಮೈದಾನದಲ್ಲಿ, ತಾವು ಎರಡು ನಾವು ಒಂದು ಗೋಲಿನಲ್ಲಿದ್ದಾಗ, ಪಂದ್ಯ ಮುಗಿಯಲು ಎರಡೇ ನಿಮಿಷವಿದ್ದಾಗ, ನನ್ನ ಮಗಳು ಪ್ರತೀಕ್ಷಾ ಪೆನಾಲ್ಟಿ ಹೊಡೆಯಲು ನಿಂತಳು. ಯಾವ ಕಡೆ ಹೊಡೆಯಬೇಕೆಂದು ಗೆರೆಯಾಚೆಯಿಂದ ಕನ್ನಡದಲ್ಲಿ ಕೂಗಿ ಹೇಳಿದವಳು ನಾನು. ಇದನ್ನು ಹೇಳದೆಯೂ ದೂರು ಕೊಡಬಹುದಿತ್ತು, ದೂರು ಇನ್ನಷ್ಟು ಗಟ್ಟಿಯಾಗಿಯೂ ಇರುತ್ತಿತ್ತು.

ದೂರು ಇಷ್ಟೇ: ತಮಗೆ ಕನ್ನಡ ಬರುತ್ತದೆ, ಅದನ್ನು ತಾವು ಎಲ್ಲೂ ಪ್ರಕಟಿಸಿರಲಿಲ್ಲ.

ನಮ್ಮ ಕಡೆಯ ಪರಿಸ್ಥಿತಿಯನ್ನು ತಾವು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಾಲೇಜಿನ ಹುಡುಗಿಯರ ತಂಡ ಎಲ್ಲಿ ಹೋದರೂ ಹಿಂದೆ ಹೋಗುವ ಅಭಿಮಾನಿಗಳು ಒಟ್ಟು ಮೂವರು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕುತ್ತೇನೆ. ಧಾರವಾಡದ ವೀರಣ್ಣನವರು, ನಮ್ಮ ತಂಡದ ಸಿರಿಶಾಳ ಅಪ್ಪ, ಮನೆಯಿಂದ ಕೆಲಸ ಮಾಡುತ್ತಿದ್ದೇನೆಂದು ಹೇಳಿ ಲ್ಯಾಪ್‌ಟಾಪನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಕುಂದಾಪುರದ ಗಣಪಯ್ಯನವರಿಗೆ ತಂಡದಲ್ಲಿ ಮಗಳೂ ಇಲ್ಲ, ಮೊಮ್ಮಗಳೂ ಇಲ್ಲ. ಸ್ವಂತ ಹೋಟೆಲಿನ ಮಧ್ಯಾಹ್ನದ ಊಟ ಮುಗಿದು ಸಂಜೆಯ ದೋಸೆಗೆ ಕಾವಲಿ ಕಾಯುವವರೆಗಿನ ಬಿಡುವನ್ನು ಅವರು ಸಂಪೂರ್ಣವಾಗಿ ಫುಟ್‌ಬಾಲಿಗೆ ಅರ್ಪಿಸಿದ್ದಾರೆ.

ಕನ್ನಡದಲ್ಲಿ ಕೂಗುವ ಉಪಾಯ ನನ್ನದು. ಶರತ್ಕಾಲದ ಒಂದು ಪಂದ್ಯದಲ್ಲಿ ನಾವು ಇಂಗ್ಲಿಷಿನಲ್ಲಿ ಕೊಟ್ಟ ಸಲಹೆಗಳನ್ನೆಲ್ಲ ಎದುರಾಳಿ ಕೋಚ್ ಶ್ರದ್ಧೆಯಿಂದ ಕೇಳಿಸಿಕೊಂಡು ಬಳಸಿಕೊಂಡದ್ದು ನೋಡಿ ನನಗೆ ಇದು ಹೊಳೆಯಿತು. ನಮ್ಮ ಹುಡುಗಿಯರಿಬ್ಬರೂ ಕನ್ನಡ ಮಾತಾಡುವುದಿಲ್ಲ, ಆದರೆ ಕೇಳಿದರೆ ತಿಳಿಯುತ್ತದೆ. ಮೈದಾನದಲ್ಲಿ ಬೇಕಾದದ್ದು ಅಷ್ಟೇ. ಆಮೇಲೆ ಮೂರು ಪಂದ್ಯ ಗೆದ್ದೆವು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಆಡಿದರೆ ದಂಡ ಕಟ್ಟುತ್ತಿದ್ದ ನಾನು, ಅದೇ ಕನ್ನಡದಿಂದ ಲಂಡನ್ನಿನಲ್ಲಿ ಗೋಲು ಹೊಡೆಸುತ್ತಿದ್ದೇನೆಂದು ಸ್ವಲ್ಪ ಬೀಗಿದ್ದೆ ಎಂಬುದನ್ನು ಮುಚ್ಚಿಡಲಾರೆ.

ಅಂದು ವೀರಣ್ಣನವರ ಕಾರಿನಲ್ಲಿ ನಾರ್ತ್ ಸರ್ಕ್ಯುಲರ್ ರಸ್ತೆ ಹಿಡಿದು ಹೊರಟೆವು. ಬ್ರೆಂಟ್ ಕ್ರಾಸ್ ದಾಟುವಷ್ಟರಲ್ಲಿ ಒಂದು ಡಬ್ಬಿ ಕೋಡುಬಳೆ ಮುಗಿದಿತ್ತು, ಎರಡನೆಯದನ್ನು ಗೆಲುವಿಗೆಂದು ಮುಚ್ಚಿಟ್ಟಿದ್ದೆವು. ತಮ್ಮ ಗೋಲಿನ ಪಕ್ಕದ ಗೆರೆಯಲ್ಲಿಯೇ ನಿಂತೆವು. ವಿರಾಮದ ನಂತರ ತಾವು ಇನ್ನೊಂದು ತುದಿಗೆ ಹೋದಾಗ ಛತ್ರಿ, ಡಬ್ಬಿ ಸಮೇತ ಅಲ್ಲಿಗೂ ಬಂದೆವು. ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ, ತೊಂಬತ್ತು ನಿಮಿಷ ಯಾವ ಗೋಲ್‌ಕೀಪರಿಗೂ ಯಾರೂ ಸೇವೆ ಸಲ್ಲಿಸಿರಲಾರರು.

ಈಗ ಹಿಂದಿರುಗಿ ನೋಡಿದರೆ ಸುಳಿವುಗಳು ಇದ್ದವು. ವೀರಣ್ಣನವರು “ಸಿರಿಶಾ, ಆ ಮೂಲಿಗೆ ಒದಿಯವಾ!” ಎಂದು ಕೂಗಿ ಬಾಯಿ ಮುಚ್ಚುವ ಮೊದಲೇ ತಾವು ತಮ್ಮ ಗೆಳತಿಯರನ್ನು ಇಂಗ್ಲಿಷಿನಲ್ಲಿ ಅದೇ ಮೂಲೆಗೆ ಅಟ್ಟುತ್ತಿದ್ದಿರಿ. ಅದನ್ನು ನೋಡಿ ಅವರು ಮೆಚ್ಚಿ ತಲೆದೂಗಿದರು: “ಏನ್ ಹುಡುಗಿರೀ ಅಕ್ಕಾರ! ಬಾಲ್ ಬರೂದ್ರಾಗ ಗೊತ್ತಾಗಿರ್ತೈತಿ ಆಕಿಗೆ!” ಗಣಪಯ್ಯನವರು ಮಾತ್ರ ಒಪ್ಪಲಿಲ್ಲ. “ಹೆಣ್ಣ್ ಗಿಡ್ಡ ಇತ್ತ್ ಮಾರಾಯ್ರೆ, ಮೇಲಿಂದ ಹೊಡದ್ರೆ ಸಿಕ್ಕುದಿಲ್ಲ ಅದಕ್ಕೆ!” ಎಂದು ಇಡೀ ಮೈದಾನಕ್ಕೆ ಕೇಳುವಂತೆ ಘೋಷಿಸಿದರು. ಮುಂದಿನ ಮೂರು ಎತ್ತರದ ಹೊಡೆತಗಳನ್ನು ತಾವು ಹಾರಿ ಹಿಡಿದಿರಿ. ಮೂರನೆಯದನ್ನು ಹಿಡಿದಾಗ ನಮ್ಮ ಕಡೆ ಒಮ್ಮೆ ನೋಡಿದಿರಿ. ಗಾಳಿಗೆ ಕಣ್ಣು ಕಿರಿದಾಗಿದೆ ಎಂದುಕೊಂಡೆ.

ಹಾಗಾಗಿ ಪೆನಾಲ್ಟಿ ಬಂದಾಗ ನನಗೆ ಯಾವ ಅನುಮಾನವೂ ಇರಲಿಲ್ಲ. “ಪುಟ್ಟಾ, ಬಲಗಡೆ! ಬಲಗಡೆ ಹೊಡಿ!” ಎಂದೆ. ಒಂದು ಸಲವಲ್ಲ, ಎರಡು ಸಲ. ಅವಳ ಬಲವೆಂದರೆ ಎದುರು ನಿಂತ ತಮ್ಮ ಎಡ ಎಂಬ ಲೆಕ್ಕವನ್ನು ರೆಪ್ಪೆ ಬಡಿಯುವಷ್ಟರಲ್ಲಿ ಮಾಡಿ, ಹಾರಿ, ಚೆಂಡನ್ನು ಎದೆಗವಚಿಕೊಂಡು ತಾವು ಕೆಸರಿನಲ್ಲಿ ಮಲಗಿದ ಭಂಗಿ ಅತ್ಯಂತ ಸುಂದರವಾಗಿತ್ತು. ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಬರೀ ಎಡಬಲ ಕಲಿಸಲು ನಮಗೆ ಎರಡು ಚಳಿಗಾಲ ಬೇಕಾದವು. ತಮಗೆ ಕಲಿಸಿದ ಅಮ್ಮನೋ ಅಜ್ಜಿಯೋ ಯಾರೇ ಆಗಿರಲಿ, ಅವರ ಮೇಲೆ ಪ್ರತ್ಯೇಕ ದೂರು ಕೊಡುವವಳಿದ್ದೇನೆ.

ಪಂದ್ಯ ಮುಗಿದು ಕೈ ಕುಲುಕುವಾಗ ತಾವು ನೇರವಾಗಿ ಗಣಪಯ್ಯನವರ ಮುಂದೆ ಬಂದು ನಿಂತು, “ನಾನ್ ಗಿಡ್ಡ ಅಲ್ಲ ಮಾಮ, ಐದಡಿ ಐದಿಂಚ್ ಇದ್ದೆ,” ಎಂದು ಅಪ್ಪಟ ಕುಂದಾಪುರದ ಕನ್ನಡದಲ್ಲಿ ಹೇಳಿದಿರಿ. ಅವರ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಮರುಕ್ಷಣ “ಯಾರ್ ಮನಿ ಹೆಣ್ಣ್ ನೀನ್?” ಎಂದು ಹಿಗ್ಗಿ, ನಮ್ಮ ಗೆಲುವಿನ ಡಬ್ಬಿಯನ್ನು ತಮ್ಮ ಕೈಗಿತ್ತರು. ಆ ಡಬ್ಬಿ ಇನ್ನೂ ತಮ್ಮ ಬಳಿಯೇ ಇದೆ ಎಂಬುದನ್ನು ಸೌಜನ್ಯಪೂರ್ವಕವಾಗಿ ನೆನಪಿಸುತ್ತೇನೆ.

ಇಲ್ಲಿಯವರೆಗಿನದು ನಗುವ ಮಾತಾಯಿತು. ಅಂದು ಸಂಜೆ ಪ್ರತೀಕ್ಷಾ ತಂಡದ ಮಿನಿಬಸ್ಸಿನಲ್ಲಿ ಮನೆಗೆ ಬಂದಳು, ಬೂಟು ತೊಳೆದಳು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಐ ವಾಸ್ ಗೋಯಿಂಗ್ ಲೆಫ್ಟ್, ಅಮ್ಮ,” ಎಂದಳು. ಆಮೇಲೆ, ಎಂದೂ ಕನ್ನಡ ಆಡದವಳು ಕನ್ನಡದಲ್ಲೇ, “ನೀನು ಬಲಗಡೆ ಅಂದೆ.” ಮುಂದಿನ ಪಂದ್ಯಕ್ಕೆ ಬರಬೇಡ ಎಂದೂ ಹೇಳಿ ಮೆಟ್ಟಿಲು ಹತ್ತಿದಳು. ಆ ಮುಂದಿನ ಪಂದ್ಯ ಮಾರ್ಚ್ ಹದಿನೆಂಟಕ್ಕೆ, ನಮ್ಮ ಮೈದಾನದಲ್ಲಿ, ಮತ್ತೆ ತಮ್ಮ ಮೇಲೆಯೇ. ಕಾಲೇಜಿನ ಅಂಗಿಯಲ್ಲಿ ಅವಳು ಆಡುವ ಕೊನೆಯ ಆಟ. ಅವಳ ಒಂದು ಪಂದ್ಯವನ್ನೂ ನಾನು ತಪ್ಪಿಸಿಕೊಂಡವಳಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ನಾಯಿಯಿದೆ ಎಚ್ಚರಿಕೆ ಎಂದು ಬರೆಸುವ ಹಾಗೆ, ಕನ್ನಡ ತಿಳಿಯುತ್ತದೆ ಎಚ್ಚರಿಕೆ ಎಂಬ ಫಲಕವನ್ನು ತಮ್ಮ ಗೋಲುಕಂಬಕ್ಕೆ ತೂಗುಹಾಕಿಸಬೇಕು. ಮಾರ್ಚ್ ಹದಿನೆಂಟರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕನ್ನಡವನ್ನು ಪೂರ್ತಿ ಮರೆತಿರಬೇಕು; ನಾಲ್ಕಕ್ಕೆ ಮತ್ತೆ ನೆನಪಿಸಿಕೊಳ್ಳಬೇಕು, ಏಕೆಂದರೆ ತಮ್ಮೊಡನೆ ಕೂತು ಕಾಫಿ ಕುಡಿಯುತ್ತ ಮಾತಾಡುವ ಆಸೆ ನಮ್ಮ ಮೂವರಿಗೂ ಇದೆ. ಇನ್ನು, ಶೀತಲ್ ಆಂಟಿ ಕೂಗದಿದ್ದರೂ ನಾನು ಅತ್ತಲೇ ಹಾರುವವಳಿದ್ದೆ ಎಂದು ನನ್ನ ಮಗಳಿಗೆ ಒಂದು ಸಾಲು ಬರೆದುಕೊಟ್ಟರೆ ನನ್ನ ಮೇಲಿನ ನಿಷೇಧ ತೆರವಾಗಬಹುದು.

ಈ ಕೊನೆಯ ಬೇಡಿಕೆಯನ್ನು ಬರೆದ ಮೇಲೆ ಒಂದು ಲೋಟ ಚಹಾ ಕುಡಿದು ಯೋಚಿಸಿದೆ. ಅದು ಬೇಡ. ಮೂರು ವರ್ಷಗಳಿಂದ ಸ್ವೆಟರ್ ಹಾಕಿಕೋ ಎಂದರೂ ಕೇಳದ ಹುಡುಗಿ, ಎಲ್ಲರ ಕಣ್ಣೂ ತನ್ನ ಮೇಲಿದ್ದ ಹೊತ್ತಿನಲ್ಲಿ, ತನ್ನ ನಿರ್ಧಾರ ಬಿಟ್ಟು ಅಮ್ಮನ ಮಾತು ಕೇಳಿದಳು. ಕೇಳಬಾರದಿತ್ತು, ನಾನು ಹೇಳಲೂಬಾರದಿತ್ತು. ಆದರೂ ಕೇಳಿದ್ದಕ್ಕೆ ಇರುವ ಒಂದೇ ದಾಖಲೆ ಆ ಸೋಲು. ಅದನ್ನು ತಮ್ಮ ಒಂದು ಸಾಲಿಗೆ ಬಿಟ್ಟುಕೊಡಲಾರೆ.

ಹದಿನೆಂಟರೊಳಗೆ ತಮ್ಮ ಉತ್ತರ ಬರುವುದೆಂದು ಹಾರೈಸುವ, ಡಬ್ಬಿ ಕಳೆದುಕೊಂಡ,

ತಮ್ಮ ವಿಶ್ವಾಸಿ,
ಶೀತಲ್

ವಿ.ಸೂ.: ಸಹಿ ಹಾಕುವಾಗ ಪ್ರತೀಕ್ಷಾ ಬೆನ್ನ ಹಿಂದೆ ಬಂದು ನಿಂತಳು. ಕನ್ನಡ ಓದಲು ಅವಳಿಗೆ ಬರುವುದಿಲ್ಲವಾದ್ದರಿಂದ ಓದಿ ಹೇಳಿದೆ. ಗಿಡ್ಡ ಎಂಬಲ್ಲಿ ನಕ್ಕಳು, ಸ್ವೆಟರಿನ ಹತ್ತಿರ ನಗಲಿಲ್ಲ. ಆಮೇಲೆ “ಓಕೆ, ಯೂ ಕ್ಯಾನ್ ಕಮ್. ಬಟ್ ಯೂ ಹ್ಯಾವ್ ಟು ಶೌಟ್,” ಎಂದಳು. ನಾನು ಒಂದು ಕಡೆ ಕೂಗಬೇಕಂತೆ, ಅವಳು ಇನ್ನೊಂದು ಕಡೆ ಹೊಡೆಯುತ್ತಾಳಂತೆ. ಅಮ್ಮ ಹೇಳಿದ್ದಕ್ಕೆ ವಿರುದ್ಧ ಮಾಡುವುದರಲ್ಲಿ ಅವಳಿಗೆ ಹದಿನೇಳು ವರ್ಷಗಳ ಅಭ್ಯಾಸವಿದೆ. ಬುಧವಾರ ಗಂಟಲು ಹರಿಯುವಂತೆ, ಶುದ್ಧ ಕನ್ನಡದಲ್ಲಿ ಕೂಗುತ್ತೇನೆ. ತಾವು ದಯವಿಟ್ಟು ನನ್ನನ್ನು ನಂಬಬೇಕು. ಹೀಗಾಗಿ ಈ ಪತ್ರ ಸದ್ಯ ನನ್ನ ಕೈಚೀಲದಲ್ಲಿಯೇ ಇರುತ್ತದೆ. ಬೇವು ಯಾರ ಪಾಲಿಗೆ, ಬೆಲ್ಲ ಯಾರ ಪಾಲಿಗೆ ಎಂದು ಗೊತ್ತಾದ ಮೇಲೆ, ಯುಗಾದಿಯ ದಿನ ಇದನ್ನು ಅಂಚೆಗೆ ಹಾಕುತ್ತೇನೆ: ಗುರುವಾರ, ೧೯ ಮಾರ್ಚ್ ೨೦೨೬.