ಎಂಟು ತುಂಡು ಕೂಡಿದಲ್ಲಿ ಒಂದು ಗಂಟು

ಜಮಖಂಡಿಯ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಹೇಳಲಿಲ್ಲವೆಂದು ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗಿರುವಾಗ ಮಗಳ ಚೊಚ್ಚಲ ಕೂಸಿನ ತೊಟ್ಟಿಲ ಕಾರ್ಯ ಬಂತು. ತೊಟ್ಟಿಲಿಗೆ ಹಾಸುವ ಕೌದಿ ಅಜ್ಜಿಯದೇ ಆಗಬೇಕಲ್ಲ. ಅದರಲ್ಲೂ ಸಾವಳಗಿಯ ಬೀಗತಿ ಬಟ್ಟೆಯ ಎಳೆ ಎಣಿಸುವ ಹೆಂಗಸು. ಅವಳ ಬಾಯಿ ಮುಚ್ಚಿಸಬೇಕೆಂದು, ಎಂದಿನ ಚೌಕದ ತುಂಡು ಬಿಟ್ಟು, ಎಂಟು ಮುಮ್ಮೂಲೆ ತುಂಡುಗಳ ಚೂಪು ನಡುವೆ ಬಂದು ಕೂಡುವ, ಆಕಾಶದ ನಕ್ಷತ್ರದಂಥ ಚುಕ್ಕಿ ಹೊಲಿದೆ.

ನೋಡಲು ಚುಕ್ಕಿ ಚೆನ್ನಾಗಿಯೇ ಇತ್ತು. ಕೈಯಾಡಿಸಿದರೆ ನಡುವೆ ಅಡಿಕೆಯಷ್ಟು ಗಂಟು. ಎಲ್ಲ ಹೊಲಿಗೆಯ ಅಂಚುಗಳೂ ಅಲ್ಲಿಯೇ ಬಂದು ಸಂತೆ ನೆರೆದಿದ್ದವು. ಕೂಸಿನ ಬೆನ್ನಿಗೆ ಚುಚ್ಚದೆ ಬಿಟ್ಟೀತೇ?

ಯಜಮಾನರು ಮುಟ್ಟಿ ನೋಡಿದರು. “ಕೌದಿ ಹಸದಿರಬಾರ್ದಂತ ಕಡೀಕ ಒಂದ ತುತ್ತ ರೊಟ್ಟಿ ಇಟ್ಟ ಮುಚ್ಚತೀರಿ. ನೀ ಮೊದಲ ಉಣಿಸಿ ಕುಂತಿಯೇನ?”

“ಸುಮ್ಮನ ಕುಂದರ್ರಿ. ಬಡದ್ರ ಗಂಟೂ ಕುಂದರತೈತಿ.”

ಖಾರ ಕುಟ್ಟುವ ಗುಂಡುಕಲ್ಲಿನಿಂದ ಬಡಿದೆ. ಗಂಟು ಕೂರಲಿಲ್ಲ, ಚುಕ್ಕಿಗೆ ಖಾರ ಹತ್ತಿತು. ತೊಳೆದೆ. ನೀರು ಕುಡಿದ ಗಂಟು ಇನ್ನಷ್ಟು ಉಬ್ಬಿತು.

ಬಾಜೂ ಮನೆಯ ಗಂಗವ್ವ ಬಂದು ತಿರುವಿ ನೋಡಿದಳು. “ಯಕ್ಕಾ, ಒಳಗಿನ ಅಂಚೆಲ್ಲಾ ಒಂದರ ಮ್ಯಾಲೊಂದ ಹೇರಿಯಲ್ಲ. ನಡುವಿನ ಹೊಲಿಗಿ ಟಾಕಿ ಬಿಚ್ಚಿ, ಬೀಸೋಕಲ್ಲ ತಿರಗಿದಂಗ ಒಂದ ದಿಕ್ಕಿಗೆ ಸುತ್ತ ಮಲಗಸು. ಆಮ್ಯಾಲ ಚೂಪು ಒಂದೀಟ ಕತ್ತರಸು.”

“ನನಗ ಕಲಸಾಕ ಬಂದಿಯೇನ?” ಎಂದೆ. ಅವಳು ಹೋದಮೇಲೆ ಅವಳ ಮಾತಿನಲ್ಲಿ ಕತ್ತರಿಸುವುದೊಂದನ್ನು ಮಾತ್ರ ಮಾಡಿದೆ, ಅದೂ ಧಾರಾಳವಾಗಿ. ಹೊಲಿಗೆಗಳೆಲ್ಲ ಒಟ್ಟಿಗೆ ಕೈಬಿಟ್ಟವು. ಬೆಳಕಿಗೆ ಹಿಡಿದರೆ ತೂತಿನಲ್ಲಿ ಯಜಮಾನರ ಮೀಸೆ ಕಂಡಿತು.

“ಗಂಟ ಹೋತ ನೋಡು,” ಎಂದಿತು ಮೀಸೆ.

ಬೆಳಗಾದರೆ ಕಾರ್ಯ. ಬನಹಟ್ಟಿ ಸೀರೆಯ ಕೆಂಪು ಸೆರಗಿನಿಂದ ದುಂಡನೆಯ ತೇಪೆ ಕತ್ತರಿಸಿ ತೂತಿನ ಮೇಲೆ ಹಚ್ಚಿ, ಹೇಗೋ ಕೌದಿ ಮುಗಿಸಿದೆ.

ಮರುದಿನ ಬೀಗತಿ ಕೂಸನ್ನು ಮಲಗಿಸುವ ಮೊದಲು ಕೌದಿಯನ್ನೆಲ್ಲ ಸವರಿದಳು. ಬೆರಳು ತೇಪೆಯ ಮೇಲೆ ನಿಂತಿತು.

“ಹಣಿಗೆ ಕುಂಕಮ ಇಟ್ಟಂಗ ಆಗೇತ್ರಿ. ಎಲ್ಲೂ ಚುಚ್ಚೂದಿಲ್ಲ. ಎಷ್ಟ ವಿಚಾರ ಮಾಡೀರಿ ಬೀಗತ್ಯಾರ.”

“ನಮ್ಮ ಮನಿತನದ ಪದ್ಧತಿ ಐತ್ರಿ ಅದು,” ಎಂದೆ. ಯಜಮಾನರಿಗೆ ಕೆಮ್ಮು ಬಂತು. ಕೂಸು ಹಾಯಾಗಿ ಮಲಗಿತು.

“ನನಗೂ ಇಂಥಾದ ಒಂದ ದೊಡ್ಡದ ಹೊಲಕೊಡ್ರಿ,” ಎಂದು ಹೇಳಿಯೇ ಬೀಗತಿ ಬಸ್ಸು ಹತ್ತಿದಳು.

ಈ ಸಲ ಗಂಗವ್ವ ಹೇಳಿದಂತೆಯೇ ಹೊಲಿದೆ. ನಡುವು ಹಪ್ಪಳದಂತೆ ಸಪಾಟಾಗಿ ಬಂದಿದೆ, ಎಳ್ಳಷ್ಟೂ ಗಂಟಿಲ್ಲ. ಆದರೆ ಬೀಗತಿಗೆ ಬೇಕಾದದ್ದು ನಮ್ಮ ಮನೆತನದ ಪದ್ಧತಿ. ಇನ್ನು ಇದಕ್ಕೊಂದು ತೂತು ಮಾಡಬೇಕು.