ಚಿಕೋರಿಯಿಲ್ಲದ ರಾಕ್ ಸಂಗೀತ

ಶನಿವಾರಸಂತೆಯ ಶಿವಶಂಕರಪ್ಪನವರ ಕಿವಿ ಎಲ್ಲರ ಕಿವಿಯಂಥದ್ದಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಮದುವೆಯಾದ ಎರಡನೇ ವಾರ, ಹೆಂಡತಿ ಸುಲೋಚನಮ್ಮ ತವರಿನಿಂದ ತಂದ ಮಿಕ್ಸಿಯಲ್ಲಿ ಕಾಯಿಚಟ್ನಿಗೆ ಹಾಕಿದಾಗ ಅವರು ಎರಡೂ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದ್ದರು. ಅಂದಿನಿಂದ ಇಪ್ಪತ್ತಮೂರು ವರ್ಷ, ಯಜಮಾನರು ಮನೆಯಲ್ಲಿದ್ದಾಗ ಆ ಮಿಕ್ಸಿ ಬಾಯಿ ಬಿಟ್ಟಿಲ್ಲ. ಚಟ್ನಿ ಒರಳಲ್ಲಿ ರುಬ್ಬಬೇಕು. ಕುಕ್ಕರು ಕೂಗುವ ಸುಳಿವು ಕೊಟ್ಟೊಡನೆ ಓಡಿಹೋಗಿ ಉರಿ ತಗ್ಗಿಸಬೇಕು. ತೊಳೆದ ಪಾತ್ರೆಗಳ ನಡುವೆ ಹಳೆಬಟ್ಟೆ ಹಾಕಿ ಹಸುಗೂಸಿನಂತೆ ಮಲಗಿಸಬೇಕು. ಇದನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ಮಾತ್ರ ಆ ಸೂಕ್ಷ್ಮ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

(ಅದೇ ಕಿವಿ ಪೇಟೆಬೀದಿಯ ಅವರ ಕಾಫಿಪುಡಿ ಅಂಗಡಿಯಲ್ಲಿ, ಬೀಜ ಪುಡಿ ಮಾಡುವ ಯಂತ್ರಕ್ಕೆ ಒಂದು ಮೊಳ ದೂರದಲ್ಲಿ ದಿನವಿಡೀ ಇರುತ್ತಿತ್ತು. ಆ ಯಂತ್ರ ಶುರುವಾದರೆ ಎದುರಂಗಡಿಯವರು ಫೋನು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದರು. ಅದು ಬೇರೆ ವಿಷಯ ಎಂದು ಶಿವಶಂಕರಪ್ಪನವರ ಅಭಿಪ್ರಾಯ.)

ಇಂಥವರ ಮಗಳು ಚಂದನಾ ಡ್ರಮ್ಸ್ ಕಲಿತದ್ದು ವಿಧಿಯ ಚೇಷ್ಟೆ. ಕಾಲೇಜಿನ ನಾಲ್ವರು ಹುಡುಗಿಯರ ರಾಕ್ ಬ್ಯಾಂಡು. ತಾಲೀಮು ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಅಪ್ಪ ಊಟಕ್ಕೆ ಮನೆಗೆ ಹೋದಾಗ. ಅಂಥವಳು ಒಂದು ದಿನ ಅಪ್ಪನ ಎದುರು ಬಂದು ನಿಂತಳು.

“ಅಪ್ಪ, ನಿಮ್ಮ ಕಿವಿ ಒಂದು ದಿನದ ಮಟ್ಟಿಗೆ ಬೇಕಿತ್ತು.”

“ಎಂತಕ್ಕೆ?”

“ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ನಮ್ಮ ಕಾರ್ಯಕ್ರಮ ಇದೆಯಲ್ಲ. ನನ್ನ ಕ್ಲಾಸಿನ ಮಾನಸಂಗೆ ಬರ್ಬೇಕು ಅಂತ ತುಂಬ ಆಸೆ. ಆದ್ರೆ ಅವಳಿಗೆ ಸದ್ದು ಅಂದ್ರೆ ನಿಜವಾದ ತೊಂದರೆ.”

‘ನಿಜವಾದ’ ಎಂಬಲ್ಲಿ ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು.

“ಒಂದು ತಟ್ಟೆ ಬಿದ್ರೆ ಅರ್ಧ ಗಂಟೆ ಕೈ ನಡುಗುತ್ತೆ ಅವಳಿಗೆ. ಹಾಡೆಲ್ಲ ಮೊಬೈಲಲ್ಲಿ ಸಣ್ಣಗೆ ಇಟ್ಟು ಕೇಳ್ತಾಳೆ, ಎದುರಿಗೆ ಕೂತು ಒಂದ್ಸಲನೂ ಕೇಳಿಲ್ಲ. ಯಾವ ಹಾಡು ಎಷ್ಟು ಜೋರು, ಎಲ್ಲಿ ತಟ್ಟಂತ ಬಡಿಯುತ್ತೆ ಅಂತ ಮೊದಲೇ ಬರೆದು ಕೊಟ್ರೆ ಧೈರ್ಯವಾಗಿ ಬರ್ತಾಳಂತೆ. ನಮಗೆ ಅಭ್ಯಾಸ ಆಗಿ ಯಾವುದೂ ಜೋರು ಅನ್ಸಲ್ಲ. ಈ ಊರಲ್ಲಿ ನಿಮ್ಮಷ್ಟು ಸೂಕ್ಷ್ಮ ಕಿವಿ ಇನ್ಯಾರಿಗಿದೆ?”

ಇಪ್ಪತ್ತಮೂರು ವರ್ಷದಲ್ಲಿ ಆ ಕಿವಿಗೆ ಸಿಕ್ಕ ಮೊದಲ ಸರ್ಕಾರಿ ಮನ್ನಣೆ ಇದೇ ಎಂಬಂತೆ ಶಿವಶಂಕರಪ್ಪನವರು ಎದೆ ಸೆಟೆಸಿದರು. “ಒಪ್ಪಿದೆ. ಆದ್ರೆ ನನ್ನ ತೀರ್ಪೇ ಕೊನೆ.”

ಭಾನುವಾರ ಅಂಗಡಿಗೆ ರಜೆ. ಗೋಡೌನಿನಲ್ಲಿ ಕಾಫಿ ಮೂಟೆಗಳ ನಡುವೆ ಕುರ್ಚಿ ಹಾಕಿಸಿಕೊಂಡು, ಕಿವಿಗೆ ಹತ್ತಿ ತುರುಕಿ, ಮಡಿಲಲ್ಲಿ ನೋಟುಬುಕ್ಕು ಇಟ್ಟು ಅವರು ಮಹಾಪರೀಕ್ಷಕರಾಗಿ ಕೂತರು. ಮೊದಲ ಹಾಡು ಗಿಟಾರಿನ ಸಣ್ಣ ಮಿಡಿತದಿಂದ ಶುರುವಾಯಿತು. ಪರವಾಗಿಲ್ಲ ಎಂದು ಅವರು ಹತ್ತಿ ತೆಗೆಯುವುದಕ್ಕೂ ಚಂದನಾಳ ಕೋಲು ಡ್ರಮ್ಮಿಗೆ ಅಪ್ಪಳಿಸುವುದಕ್ಕೂ ಸರಿಹೋಯಿತು. ಮಹಾಪರೀಕ್ಷಕರು ಕುರ್ಚಿಯಿಂದ ಮೂಟೆಯ ಮೇಲೆ ಬಿದ್ದರು.

“ಹೇಳಿ ಬಡಿಯೋಕೆ ಎಂತ ರೋಗ ನಿಂಗೆ?”

“ಹೇಳಿ ಬಡಿದ್ರೆ ನೋಯಲ್ವಾ ಅಪ್ಪ?”

ಹೇಳಿ ಬಡಿದಳು. ನೋಯಲಿಲ್ಲ. ಶಿವಶಂಕರಪ್ಪನವರು ಆಶ್ಚರ್ಯದಿಂದ ಅದನ್ನು ಬರೆದುಕೊಂಡರು. ಆಮೇಲೆ ಅವರಿಗೆ ಕೆಲಸದ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಒಂದೊಂದು ಹಾಡನ್ನೂ ಮೂರು ಸಲ ನುಡಿಸಲು ಹೇಳಿದರು, ಬಾಗಿಲ ಬಳಿ ನಿಂತು ಕೇಳಿದರು, ಮೂಲೆಯಲ್ಲಿ ಕೇಳಿದರು, ಎದೆಯ ಮೇಲೆ ಕೈಯಿಟ್ಟು ಎಷ್ಟು ಅದುರುತ್ತದೆಂದು ನೋಡಿದರು. ಅಳತೆಗೆ ಅವರಿಗೆ ಗೊತ್ತಿದ್ದದ್ದು ಒಂದೇ ಭಾಷೆ. ಮೊದಲ ಹಾಡು: ಅರ್ಧಕ್ಕರ್ಧ ಚಿಕೋರಿ, ಮಕ್ಕಳೂ ಕುಡಿಯಬಹುದು, ಎರಡನೇ ನಿಮಿಷದಲ್ಲಿ ಒಂದು ಬಡಿತ, ಎಚ್ಚರಿಕೆ. ಎರಡನೆಯದು: ಹದವಾದ ಡಿಕಾಕ್ಷನ್, ಹಾಲು ಜಾಸ್ತಿ. ಮೂರನೆಯದು: ಸ್ಟ್ರಾಂಗ್, ಹಿಂದಿನ ಸಾಲಿನಲ್ಲಿ ಕೂರುವುದು ಲೇಸು. ನಾಲ್ಕನೆಯದು: ಚಿಕೋರಿ ಇಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ; ಸೂಕ್ಷ್ಮ ಕಿವಿಯವರು ಶುರುವಾಗುವ ಮೊದಲೇ ಹೊರಗೆ ಹೋಗತಕ್ಕದ್ದು.

“ಇಲ್ಲಿ ಕೊಡು, ಆ ಕೋಲು ಹಿಡಿದ್ರೆ ಹೇಗಿರುತ್ತೆ ನೋಡುವ,” ಎಂದರು ಕೊನೆಗೆ, ಬರೀ ಪರೀಕ್ಷೆಯ ಉದ್ದೇಶದಿಂದ.

ಸುಲೋಚನಮ್ಮ ಮಕ್ಕಳಿಗೆಂದು ಫ್ಲಾಸ್ಕಿನಲ್ಲಿ ಕಾಫಿ ತಂದು ಬಾಗಿಲಲ್ಲಿ ನಿಂತಾಗ, ಕುಕ್ಕರಿನ ಒಂದು ಕೂಗಿಗೆ ಮೂರ್ಛೆ ಹೋಗುವ ಗಂಡ ಪಂಚೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿ, ಗೋಡೌನಿನ ತಗಡು ನಡುಗುವಂತೆ ಬಾರಿಸುತ್ತಿದ್ದರು. ಆಕೆ ಕಾಲು ಗಂಟೆ ನಿಂತು ನೋಡಿದರು. ಫ್ಲಾಸ್ಕು ಮೂಟೆಯ ಮೇಲಿಟ್ಟು ಮನೆಗೆ ಹೋದರು. ಕಣ್ಣು ಬಿಟ್ಟಾಗ ಫ್ಲಾಸ್ಕು ಕಂಡು, ಒಳ್ಳೆಯ ಹೆಂಡತಿ ಎಂದುಕೊಂಡರು ಶಿವಶಂಕರಪ್ಪ.

ಅಂದು ಸಂಜೆ ಅವರು ನೋಟುಬುಕ್ಕಿನಲ್ಲಿ ಬರೆದದ್ದನ್ನು ಮಾನಸಳಿಗೆ ಕೈಪಿಡಿಯಾಗಿ ಅಂದವಾಗಿ ಬರೆದು, ಅದರ ಕೊನೆಗೆ ಸ್ವಂತ ಸಂಶೋಧನೆಯನ್ನು ಸೇರಿಸಿದರು: “ಬೇರೆಯವರು ಮಾಡುವ ಸದ್ದು ಚುಚ್ಚುತ್ತದೆ. ತಾನೇ ತನ್ನ ಕೈಯಿಂದ ಮಾಡುವ ಸದ್ದು ಸ್ವಲ್ಪವೂ ನೋಯಿಸುವುದಿಲ್ಲ. ಇದಕ್ಕೆ ಸಾಕ್ಷಿ, ಅಂಗಡಿಯ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತ ನಾನೇ.” ಕೆಳಗೆ ಸಹಿ, ಸಹಿಯ ಮೇಲೆ ಅಂಗಡಿಯ ಸೀಲು. ಚಂದನಾ ಅದರ ಪ್ರತಿ ತೆಗೆಸಿ ಮಾನಸಳಿಗೆ ಕೊಟ್ಟಳು. ಇನ್ನೊಂದು ಪ್ರತಿಯನ್ನು ಸುಲೋಚನಮ್ಮ ಕೇಳಿ ಇಸಿದುಕೊಂಡರು. ಗಂಡನ ಬರಹದ ಮೇಲಿನ ಅಭಿಮಾನ, ಪಾಪ.

ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಮಾನಸ ಕೈಪಿಡಿ ಹಿಡಿದು ಹಿಂದಿನ ಸಾಲಿನಲ್ಲಿ ಕೂತು ಮೂರು ಹಾಡು ಕೇಳಿದಳು, ನಾಲ್ಕನೆಯದಕ್ಕೆ ಹೊರಗೆ ನಿಂತು ಕಿಟಕಿಯಿಂದಲೇ ತಲೆದೂಗಿದಳು. ಮಾರನೆಯ ಬೆಳಿಗ್ಗೆ ಕೃತಜ್ಞತೆ ಹೇಳಲು ಮನೆಗೇ ಬಂದಳು.

“ಅಂಕಲ್, ಎಲ್ಲ ನೀವು ಬರ್ದಂಗೇ ಇತ್ತು. ಆ ಕೊನೇ ಮಾತಂತೂ ನೂರಕ್ಕೆ ನೂರು ನಿಜ. ಅದಕ್ಕೇ ನಮ್ಮನೇಲಿ ಮಿಕ್ಸಿ ಯಾವಾಗಲೂ ನಾನೇ ಹಾಕೋದು.”

ಶಿವಶಂಕರಪ್ಪನವರ ಮೀಸೆ ತಿರುವುತ್ತಿದ್ದ ಕೈ ಅಲ್ಲೇ ನಿಂತಿತು. ಅಡುಗೆಮನೆಯಿಂದ ಸುಲೋಚನಮ್ಮ ಬಂದರು. ಒಂದು ಕೈಯಲ್ಲಿ ಕಾಯಿ, ಹಸಿಮೆಣಸು, ಹುರಿಗಡಲೆ ತುಂಬಿದ ಮಿಕ್ಸಿಯ ಜಾರು; ಇನ್ನೊಂದರಲ್ಲಿ ಸೀಲು ಬಿದ್ದ ಕೈಪಿಡಿ.

“ಬನ್ನಿ. ರೊಟ್ಟಿ ಬೇಯ್ತಾ ಇದೆ.”

“ಒರಳಲ್ಲಿ ರುಬ್ಬಿದ ರುಚಿ ಇದರಲ್ಲಿ ಎಲ್ಲಿ ಬರುತ್ತೆ ಮಾರಾಯ್ತಿ?”

“ಹಾಗಾದ್ರೆ ಒರಳಲ್ಲೇ ರುಬ್ಬಿ. ಅದೂ ನಿಮ್ಮ ಕೈಯ ಸದ್ದೇ.”

ಎದುರಿಗೆ ಮಾನಸ ಭಕ್ತಿಯಿಂದ ನೋಡುತ್ತಿದ್ದಳು. ಮಹಾಪರೀಕ್ಷಕರು ಎದ್ದು ಒಳಗೆ ಹೋಗಿ, “ಹಾಕ್ತಿದ್ದೇನೆ, ಹುಷಾರು,” ಎಂದು ಸಾರಿ, ಗುಂಡಿ ತಿರುಗಿಸಿದರು. ಮಾನಸ ಅಷ್ಟರಲ್ಲಿ ಅಂಗಳ ಸೇರಿದ್ದಳು. ಮಿಕ್ಸಿ ಇಪ್ಪತ್ತಮೂರು ವರ್ಷದ ಮೌನವನ್ನೆಲ್ಲ ಒಂದೇ ಉಸಿರಿಗೆ ಕಕ್ಕಿತು. ಹೇಳಿಕೊಳ್ಳಲು ನಾಚಿಕೆ, ಒಂದಿಷ್ಟೂ ನೋಯಲಿಲ್ಲ.

ಸುಲೋಚನಮ್ಮ ಹೊರಗೆ ಬಂದು, ಜಗಲಿಯಲ್ಲಿ ಗಂಡನ ಕುರ್ಚಿಯ ಮೇಲೆ ಕಾಫಿ ಲೋಟ ಹಿಡಿದು ಕೂತರು. ಚಟ್ನಿ ಮುಗಿದು, ಜಾರು ತೊಳೆದು, ಪಾತ್ರೆ ಜೋಡಿಸುವಾಗ ಒಳಗೆ ತಟ್ಟೆಯೊಂದು ಠಣ್ ಎಂದಿತು.

“ರೀ, ಮೆಲ್ಲಗೆ,” ಎಂದರು ಸುಲೋಚನಮ್ಮ, ಕಿವಿಯ ಮೇಲೆ ಅಂಗೈಯಿಟ್ಟು. “ಬೇರೆಯವರು ಮಾಡೋ ಸದ್ದು ಚುಚ್ಚುತ್ತೆ ಅಂತ ನೀವೇ ಸೀಲು ಒತ್ತಿದ್ದೀರಲ್ಲ. ಮಧ್ಯ ಬಟ್ಟೆ ಹಾಕಿ ಇಡಿ.”